ಚಿಲಕವಿಲ್ಲದ ಬಾಗಿಲು

ತೊರಗಲ್ಲಿನ ಕೋಟೆಯ ದೊಡ್ಡ ಅಗಸಿಬಾಗಿಲು ದಾಟಿ ಎಡಕ್ಕೆ ಹೊರಳಿದರೆ ಸಿಗುವ ಮೊದಲನೆಯ ಮನೆ ರಾಯಪ್ಪನದು. ಆ ಮನೆಯ ತಲೆಬಾಗಿಲಿಗೆ ಚಿಲಕವಿಲ್ಲ. ಒಳಗೂ ಇಲ್ಲ, ಹೊರಗೂ ಇಲ್ಲ. ಅಗಳಿ ಇಲ್ಲ, ಕೊಂಡಿ ಇಲ್ಲ, ಬೀಗ ಹಾಕಬೇಕೆಂದರೆ ಒಂದು ಮೊಳೆಯೂ ಇಲ್ಲ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಲಿ, ಸವದತ್ತಿಗೆ ಮದುವೆಗೆ ಹೋಗಲಿ, ಬಾಗಿಲನ್ನು ಸುಮ್ಮನೆ ಮುಂದಕ್ಕೆ ಎಳೆದು ಹೋಗುವುದು. ನಾಯಿ ಒಳಗೆ ನುಗ್ಗದಂತೆ ಒಂದು ಕಲ್ಲು ಒರಗಿಸಿಡುವುದುಂಟು, ಅಷ್ಟೆ.

ಊರವರು ಇದಕ್ಕೆ ತಮಗೆ ತೋಚಿದ ಅರ್ಥ ಹಚ್ಚಿಕೊಂಡಿದ್ದರು. ರಾಯಪ್ಪನ ಹಿರಿಯರು ಒಂದು ಕಾಲಕ್ಕೆ ಈ ಅಗಸಿ ಕಾಯುತ್ತಿದ್ದ ಜನ. ‘ಅಗಸಿಯವರ ಮನಿ’ ಎಂದೇ ಇವತ್ತಿಗೂ ಹೆಸರು. ಊರಿಗೆ ಊರನ್ನೇ ಕಾಯುವವರಿಗೆ ಕಳ್ಳರ ಅಂಜಿಕೆ ಎಲ್ಲಿಯದು, ಚಿಲಕ ಯಾತಕ್ಕೆ ಬೇಕು, ಎಂದು ಕಟ್ಟೆಯ ಮೇಲೆ ಕುಳಿತವರು ಹೇಳುವುದು, ಬಂದವರು ಕೇಳುವುದು. ರಾಯಪ್ಪ ಈ ಮಾತಿಗೆ ಹೌದೆನ್ನುತ್ತಿರಲಿಲ್ಲ, ಅಲ್ಲವೆನ್ನುತ್ತಲೂ ಇರಲಿಲ್ಲ. ಮೀಸೆ ತೀಡಿಕೊಂಡು ಸುಮ್ಮನಿರುತ್ತಿದ್ದ. ಮೀಸೆ ತೀಡಿದರೆ ಸುಳ್ಳು ಹೇಳಿದಂತಾಗುವುದಿಲ್ಲವಲ್ಲ!

ಖರೆ ಸಂಗತಿ ಬೇರೆಯೇ ಇತ್ತು. ಅದನ್ನು ಆ ಮನೆಯ ಹೆಂಗಸರು ಕಾಯ್ದುಕೊಂಡು ಬಂದಿದ್ದರು. ಸೊಸೆಯಾಗಿ ಬಂದವಳಿಗೆ ಮೊದಲನೆಯ ನಾಗರಪಂಚಮಿಗೆ ತವರಿಗೆ ಹೊರಡುವ ಮೊದಲು ಅತ್ತೆ ಹೇಳಬೇಕು. ಮನೆಯ ಹೆಣ್ಣುಮಗಳಾದರೆ, ಒಡೆಯದಂತೆ ಶೇಂಗಾ ಉಂಡಿ ಕಟ್ಟುವುದನ್ನು ಕಲಿತ ವರ್ಷ ಹೇಳಬೇಕು. ಬೆಲ್ಲದ ಪಾಕ ಆರುವುದರೊಳಗೆ ಕಥೆ ಮುಗಿಯಬೇಕು, ಅಷ್ಟು ಸಣ್ಣ ಕಥೆ.

ಯಾವ ಕಾಲವೋ, ಯಾವ ದಂಡೋ, ಅದೆಲ್ಲ ಯಾರಿಗೂ ನೆನಪಿಲ್ಲ. ಕೋಟೆಗೆ ವೈರಿಗಳು ಮುತ್ತಿಗೆ ಹಾಕಿದ್ದರಂತೆ. ಪಂಚಮಿಯ ಹೊತ್ತು. ಅಗಸಿ ಕಾಯುವವನ ಮಗಳನ್ನು ಮನೋಳಿ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಅಣ್ಣ ಕರೆಯಲು ಬರಲಿಲ್ಲವೆಂದು ಆ ಹುಡುಗಿ ಕಾಯ್ದು ಕಾಯ್ದು, ಬುತ್ತಿ ಗಂಟು ಕಟ್ಟಿಕೊಂಡು ತಾನೇ ನಡೆದುಬಂದಳು. ಮುತ್ತಿಗೆಯ ಸುದ್ದಿ ಅವಳಿಗೇನು ಗೊತ್ತು! ಮುಚ್ಚಂಜೆಯಲ್ಲಿ ಅಗಸಿಯ ಹೊರಗೆ ನಿಂತು, ‘ಅಪ್ಪಾ, ನಾ ಬಂದೇನಿ, ಬಾಗಲಾ ತಗಿ’ ಎಂದು ಕೂಗಿದಳು. ತೆಗೆಯಬಾರದೆಂದು ಅವನಿಗೆ ಗೊತ್ತಿತ್ತು. ಅವಳು ಎರಡನೆಯ ಸಲ ಕೂಗಿದಳು. ಅವನು ಮಗಳೊಬ್ಬಳು ನುಸುಳುವಷ್ಟು ಕದ ಸರಿಸಿದ. ಮಗಳು ಒಳಗೆ ಬಂದಳು. ಮುಳ್ಳುಕಂಟಿಯಲ್ಲಿ ಅಡಗಿ ಕುಳಿತ ವೈರಿಗಳೂ ಅವಳ ಹಿಂದೆ ಬಂದರು.

ಕೋಟೆ ಹೋಯಿತು. ಉಳಿದ ಹಿರಿಯರು ಸೇರಿ, ‘ಊರಿನ ಬಾಗಿಲು ಹಾಕಲು ಬಾರದವನ ಮನೆಗೆ ಚಿಲಕ ಯಾಕೆ’ ಎಂದು ಅವನ ಮನೆಯ ಚಿಲಕ ಕಿತ್ತುಕೊಂಡು ಹೋದರಂತೆ. ಆ ಶಿಕ್ಷೆ ಕೊಟ್ಟವರು ಸತ್ತರು, ಅವರ ಮಕ್ಕಳು ಮೊಮ್ಮಕ್ಕಳು ಮರೆತರು. ಅನುಭವಿಸುವವರು ಮಾತ್ರ ಮರೆಯಲಿಲ್ಲ. ಮಣ್ಣಿನ ಮನೆ ಬಿದ್ದು ಕಲ್ಲಿನ ಮನೆಯಾಯಿತು, ಹಳೆಯ ಬಾಗಿಲು ಗೆದ್ದಲು ಹಿಡಿದು ಸಾಗುವಾನಿಯದು ಬಂತು. ಬಡಿಗ ಚಿಲಕ ಕೂಡಿಸಲು ಬಂದಾಗಲೆಲ್ಲ ಮನೆಯ ಹೆಂಗಸರು ಅಡ್ಡ ನಿಂತರು.

ರಾಯಪ್ಪ ಇದನ್ನು ತಾಯಿಯ ಬಾಯಿಂದ ಕೇಳಿದ್ದ. ಕೇಳಿದಂದಿನಿಂದ ಅದು ಅವನಿಗೆ ಅಂಗಾಲಿನ ಮುಳ್ಳಾಗಿತ್ತು. ಅವನ ಹೆಂಡತಿ ಶಟ್ಟೆವ್ವನಿಗೆ ಹಾಗಿರಲಿಲ್ಲ. ‘ಮಗಳ ಧ್ವನಿ ಕೇಳಿ ಬಾಗಲಾ ತಗದಾವ. ಇದರಾಗ ನಾಚಿಕಿ ಏನ ಬಂತ್ರಿ?’ ಎನ್ನುತ್ತಿದ್ದಳು. ಹೋದ ಪಂಚಮಿಯಲ್ಲಿ ಮೊಮ್ಮಗಳು ನಂದಾ ತಾನೇ ಉಂಡಿ ಕಟ್ಟಿದಳು. ಶಟ್ಟೆವ್ವ ಅವಳಿಗೂ ಕಥೆ ಹೇಳಿದಳು. ಹುಡುಗಿ ಕೇಳಿದವಳೇ ಎದ್ದು ಓಡಿಬಂದು ಹೊರಸಿನ ಮೇಲೆ ಮಲಗಿದ್ದ ರಾಯಪ್ಪನ ಎದೆಯ ಮೇಲೆ ತಲೆಯಿಟ್ಟು, ‘ಮುತ್ಯಾ, ನಾ ಕರದ್ರ ನೀನೂ ತಗೀತಿದ್ದೀ ಹೌದಿಲ್ಲೋ?’ ಎಂದು ಕೇಳಿದಳು.

‘ನಮ್ಮ ಮನಿಗೆ ಚಿಲಕಾ ಎಲ್ಲೈತಿ ಹುಚ್ಚಿ, ತಗಿಯಾಕ’ ಎಂದು ಅವನು ನಕ್ಕಿದ್ದ.

ನಂದಾ ಏಳನೆಯ ಇಯತ್ತೆ. ಬಸ್ಸಿನಲ್ಲಿ ಕಟಕೋಳದ ಕನ್ನಡ ಸಾಲಿಗೆ ಹೋಗಿಬರುತ್ತಿದ್ದಳು. ಈ ವರ್ಷ ಬೈಲಹೊಂಗಲದ ಕಡೆಯಿಂದ ಮೀನಾ ಟೀಚರ್ ಎಂಬ ಹೊಸ ಟೀಚರ್ ಬಂದಿದ್ದರು. ಹುರುಪಿನ ಹೆಣ್ಣುಮಗಳು. ಇತಿಹಾಸವನ್ನು ಪುಸ್ತಕದಲ್ಲಿ ಓದಿದರೆ ಮುಗಿಯಲಿಲ್ಲ, ಕಣ್ಣಾರೆ ನೋಡಬೇಕು ಎಂದು ವರ್ಗದ ಮಕ್ಕಳನ್ನೆಲ್ಲ ತೊರಗಲ್ಲಿನ ಕೋಟೆಗೆ ಕರೆತರುವುದೆಂದು ಗೊತ್ತುಮಾಡಿದರು. ‘ನಿಮ್ಮ ಮುತ್ಯಾರು ಅಗಸಿ ಕಾಯ್ದ ಮನೆತನದವರಂತಲ್ಲ, ನಮ್ಮ ಹುಡುಗರಿಗೆ ಎರಡು ಮಾತು ಹೇಳಲಿ’ ಎಂದು ನಂದಾಳ ಕೈಯಲ್ಲಿ ಹೇಳಿಕಳಿಸಿದರು.

ಹುಡುಗಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ತನ್ನ ಊರಿಗೆ ತನ್ನ ಇಡೀ ವರ್ಗ ಬರುವುದೆಂದರೇನು! ಅಗಸಿಯ ಹಳೆಯ ಕದಗಳು ಹೋಗಿ ಎಷ್ಟೋ ಕಾಲವಾಗಿದೆ. ಕದ ತಿರುಗುತ್ತಿದ್ದ ಕಲ್ಲಿನ ಕುಳಿ ಮಾತ್ರ ಉಳಿದಿದೆ. ಆ ಕುಳಿಯೊಳಗಿನ ಮಣ್ಣನ್ನು ತೆಗೆದು, ನೀರು ಹಾಕಿ ತೊಳೆದು ಬಂದಳು. ಬಂದವಳು ಮುತ್ಯಾನ ಮುಂದೆ ಕುಳಿತಳು.

‘ಮುತ್ಯಾ, ನೀ ಮಗಳ ಕತಿನs ಹೇಳಬೇಕ ನೋಡು. ನನಗ ಅದs ಭಾಳ ಸೇರತೈತಿ.’

‘ಹೇಳೂಣು ತಗೋ’ ಎಂದ ರಾಯಪ್ಪ. ಆ ಹೊತ್ತಿಗೆ ಅವನು ಪೆಟ್ಟಿಗೆಯಲ್ಲಿ ತಲೆಗೆ ಸುತ್ತುವ ಪಟಕಾ ಹುಡುಕುತ್ತಿದ್ದ. ಮಾತಿನ ಕಡೆ ಅರ್ಧ ಲಕ್ಷ್ಯವಿತ್ತು. ಅರ್ಧ ಲಕ್ಷ್ಯದಿಂದ ಕೊಟ್ಟ ಮಾತೂ ಮಾತೇ ಅಲ್ಲವೇ, ಮಕ್ಕಳ ಲೆಕ್ಕದಲ್ಲಿ.

ಎಳ್ಳಮಾಸೆ ಮುಗಿದ ಮೇಲೆ ಒಂದು ದಿನ ಟೆಂಪೊಗಳು ಬಂದವು. ಹುಡುಗರು ಭೂತನಾಥನ ಗುಡಿ ನೋಡಿದರು, ಕೋಟೆಯ ಗೋಡೆ ಹತ್ತಿ ಇಳಿದರು, ದಾರಿಯ ಬದಿಯ ಹೊಲದಲ್ಲಿ ಯಾರದೋ ಹಸಿಕಡಲೆ ಕಿತ್ತು ಬೈಸಿಕೊಂಡರು. ಬಿಸಿಲೇರುವ ಹೊತ್ತಿಗೆ ಅಗಸಿಯ ನೆರಳಿನಲ್ಲಿ ಸಾಲಾಗಿ ಕುಳಿತರು. ಅಗಸಿಯ ಪಕ್ಕದಲ್ಲೇ ಬಸಯ್ಯನ ಚಹಾದಂಗಡಿ. ಬಸಯ್ಯನೆಂದರೆ ರಾಯಪ್ಪನ ವಾರಿಗೆಯವನು, ಬಾಯಿ ಹರಿತ, ಒಬ್ಬರನ್ನು ಎತ್ತಿಕಟ್ಟಿ ಕೆಳಗೆ ಕೆಡವುವುದರಲ್ಲಿ ಪರಮಸುಖ ಕಾಣುವವನು. ಅವನೂ ಅವನ ಗಿರಾಕಿಗಳೂ ಕಟ್ಟೆಯ ಮೇಲೆ ಜಮಾಯಿಸಿದರು.

ರಾಯಪ್ಪ ತೊಳೆದ ಧೋತ್ರ ಉಟ್ಟು, ಕೆಂಪು ಪಟಕಾ ಸುತ್ತಿ ಬಂದ. ಮೀನಾ ಟೀಚರ್ ಮೊಬೈಲು ಎತ್ತಿ ಹಿಡಿದರು.

‘ಮಕ್ಕಳೇ, ಇವರ ಮನೆತನದವರು ತಲೆತಲಾಂತರದಿಂದ ಈ ಕೋಟೆ ಬಾಗಿಲು ಕಾಯ್ದವರು. ಅಂಥಾ ವೀರರ ವಂಶದವರು ಇವತ್ತು ನಮ್ಮ ಮುಂದ ನಿಂತಾರ. ಎಲ್ಲಾರೂ ಜೋರಾಗಿ ಚಪ್ಪಾಳೆ ಹೊಡೀರಿ.’

ಚಪ್ಪಾಳೆ ಬಿತ್ತು. ಅಗಸಿಯ ಕಮಾನಿನ ಕೆಳಗೆ ಅದು ಇಮ್ಮಡಿಯಾಗಿ ಕೇಳಿಸಿತು. ರಾಯಪ್ಪ ಹುಟ್ಟಿದಂದಿನಿಂದ ಅವನಿಗಾಗಿ ಯಾರೂ ಚಪ್ಪಾಳೆ ಹೊಡೆದಿರಲಿಲ್ಲ. ಹೊಡೆಯುವಂಥದ್ದು ಅವನೂ ಏನೂ ಮಾಡಿರಲಿಲ್ಲ ಅನ್ನಿ. ಎದೆಯುಬ್ಬಿಸಿ ನಿಂತ. ಕಾವಲಿನವರ ಬಗ್ಗೆ, ಅವರ ಭರ್ಚಿ ಈಟಿಗಳ ಬಗ್ಗೆ, ಕೊಂಬು ಊದುವುದರ ಬಗ್ಗೆ, ಗೊತ್ತಿದ್ದದ್ದು ಸ್ವಲ್ಪ, ಗೊತ್ತಿಲ್ಲದ್ದು ಬಹಳ, ಧಾರಾಳವಾಗಿ ಹೇಳಿದ.

ಬರುವ ಹಾದಿಯಲ್ಲಿ ಆ ಮನೆಯ ಬಾಗಿಲು ನೋಡಿಕೊಂಡಿದ್ದ ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. ‘ಅಜ್ಜಾರ, ನಿಮ್ಮ ಮನಿ ಬಾಗಲಕ್ಕ ಚಿಲಕಾ ಯಾಕಿಲ್ರಿ?’

ರಾಯಪ್ಪ ನಂದಾಳ ಕಡೆಗೆ ನೋಡಿದ. ಅವಳು ಮೊಣಕಾಲು ಅಪ್ಪಿಕೊಂಡು, ಈಗ ಬಂತು, ಈಗ ಬಂತು ಎನ್ನುವಂತೆ ಕಾಯುತ್ತಿದ್ದಳು. ಅವಳ ಹಿಂದೆ ಕಟ್ಟೆಯ ಮೇಲೆ ಬಸಯ್ಯ ಚಹಾದ ಬಸಿ ಹಿಡಿದು ಕುಳಿತಿದ್ದ.

‘ಕ್ವಾಟಿ ಕಾಯವ್ರಿಗೆ ಚಿಲಕಾ ಯಾತಕ್ಕ ತಮ್ಮಾ?’ ಎಂದ ರಾಯಪ್ಪ. ಇಷ್ಟು ದಿನ ಮೀಸೆ ತೀಡಿ ಒಪ್ಪಿಕೊಂಡದ್ದನ್ನು ಅವತ್ತು ಬಾಯಿಬಿಟ್ಟು ಹೇಳಿದ. ‘ನಮ್ಮ ಹೆಸರ ಕೇಳಿದ್ರ ಕಳ್ಳರು ಹೊಳಿ ಆ ದಂಡಿಗೇ ನಿಂದರತಿದ್ರು!’

ಮತ್ತೆ ಚಪ್ಪಾಳೆ. ಆಗ ನಂದಾ ಎದ್ದು ನಿಂತಳು. ಮುತ್ಯಾ ಮರೆತನೆಂದೇ ಅವಳು ತಿಳಿದಿದ್ದಳು. ನೆನಪು ಮಾಡಿಕೊಡುವ ಉತ್ಸಾಹ ಅವಳಿಗೆ.

‘ಅಲ್ಲ ಮುತ್ಯಾ, ಮಗಳ ಕತಿ ಬಿಟ್ಟಿ ನೋಡು. ಟೀಚರ್, ನಾ ಹೇಳತೇನ್ರಿ. ನಮ್ಮ ಹಿರ್ಯಾರ ಮಗಳು ಪಂಚಮಿಗೆ ಮನೋಳಿಂದ ನಡಕೋಂತ ಬಂದಿದ್ಲರಿ. ಇಲ್ಲೇ ಹೊರಗ ನಿಂತು ಅಪ್ಪಾ ಬಾಗಲಾ ತಗಿ ಅಂದ್ಲು. ವೈರಿಗಳು ಅದಾರಂತ ಗೊತ್ತಿದ್ರೂ ಅವ್ರು ತಗದ್ರು. ಮಗಳು ಅಲ್ರೀ ಮತ್ತ! ಆಮ್ಯಾಲ ಆಕಿ ಹಿಂದs ವೈರಿಗಳೂ ಬಂದ್ರು. ಅದಕ್ಕs ನಮ್ಮ ಮನಿ ಚಿಲಕಾ ಕಿತಗೊಂಡ ಹೋದ್ರು.’

ಹುಡುಗಿ ಬಹಳ ಚೆಂದ ಹೇಳಿದಳು. ಆ ಕುಳಿಯ ಹತ್ತಿರ ಹೋಗಿ, ಕದ ಎಷ್ಟು ಸರಿಯಿತೆಂದು ಕೈಯಿಂದ ಅಳತೆ ಮಾಡಿ ಕೂಡ ತೋರಿಸಿದಳು. ಕಟ್ಟೆಯ ಮೇಲಿನಿಂದ ಬಸಯ್ಯನ ಧ್ವನಿ ಬಂತು.

‘ಏ ರಾಯಪ್ಪಾ! ಅಂದ್ರ ಕ್ವಾಟಿ ತಗದಕೊಟ್ಟಾವ ನಿಮ್ಮ ಹಿರ್ಯಾನs ಅನ್ನು! ಇಷ್ಟ ದಿನಾ ಹೇಳಲೇ ಇಲ್ಲಲ್ಲೋ ಮಾರಾಯಾ!’

ಕಟ್ಟೆಯವರೆಲ್ಲ ಗೊಳ್ಳೆಂದು ನಕ್ಕರು. ಯಾಕೆಂದು ತಿಳಿಯದೆಯೇ ಹುಡುಗರೂ ನಕ್ಕರು. ಬಸಯ್ಯ ನಗುವುದು ಸಂಜೆಗೆ ಮರೆತುಹೋಗುವಂಥ ನಗು; ಸಕ್ಕರೆ ಹೆಚ್ಚಾಯಿತೆಂದರೂ ಅವನು ಹಾಗೆಯೇ ನಗುತ್ತಿದ್ದ. ರಾಯಪ್ಪನೂ ನಕ್ಕುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವನ ಕಿವಿಗಳು ಕಾದುಹೋದವು. ಮೊಬೈಲು ಅವನ ಮುಖಕ್ಕೇ ಹಿಡಿದಿತ್ತು.

‘ಸುಳ್ಳ!’ ಎಂದ. ‘ಕೂಸಿಗೇನ ತಿಳೀತೈತಿ! ಏನೋ ಕನಸ ಕಂಡಾಳ.’

‘ಕನಸಲ್ಲೋ ಮುತ್ಯಾ. ಆಯಿ ಹೇಳ್ಯಾಳ. ನಿನಗೂ ಗೊತ್ತೈತಿ.’

‘ಸುಮ್ಮ ಕುಂದರ! ದೊಡ್ಡವ್ರ ಮುಂದ ಸುಳ್ಳ ಹೇಳ್ತಿ?’

ನಂದಾ ಕೂಡ್ರಲಿಲ್ಲ. ಅಳಲೂ ಇಲ್ಲ. ತನ್ನ ಕಿವಿಯನ್ನೇ ನಂಬದವಳ ಹಾಗೆ ನಿಂತಿದ್ದಳು. ಮಕ್ಕಳೆಲ್ಲ ಅವಳನ್ನು ನೋಡುತ್ತಿದ್ದರು, ಟೀಚರ್ ಅವನನ್ನು ನೋಡುತ್ತಿದ್ದರು. ಏನಾದರೂ ಹೇಳಿ ಮುಗಿಸಬೇಕಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಅಂಥ ಹೊತ್ತಿನಲ್ಲಿ ಯಾರಿಗೆ ನೆನಪಿರುತ್ತದೆ!

‘ಮಗಳು ಬಂದಿದ್ಲು. ಅದು ಖರೆ’ ಎಂದ ರಾಯಪ್ಪ ಗಂಟಲು ಸರಿಮಾಡಿಕೊಂಡು. ‘ಅಪ್ಪಾ ಬಾಗಲಾ ತಗಿ ಅಂತ ಕೂಗಿದ್ಲು. ಅದೂ ಖರೆ. ಆದ್ರ ಆತ ತಗೀಲಿಲ್ಲ. ನನಗ ಮಗಳಿಗಿಂತ ಕ್ವಾಟಿ ದೊಡ್ಡದು ಅಂದ. ಕದಕ್ಕ ಬೆನ್ನ ಕೊಟ್ಟ ನಿಂತ. ತಗೀಲಿಲ್ಲ ಅಂದ್ರ ತಗೀಲಿಲ್ಲ. ಅಂಥಾ ಎದಿಗಾರನ ಮನಿಗೆ ಚಿಲಕಾ ಬ್ಯಾಡ ಅಂತ ಊರವ್ರು ಮಾನಾ ಕೊಟ್ರು.’

ಈ ಸಲದ ಚಪ್ಪಾಳೆಗೆ ಅಗಸಿಯಲ್ಲಿದ್ದ ಪಾರಿವಾಳಗಳು ಹಾರಿಹೋದವು. ಮೀನಾ ಟೀಚರ್ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. ಬಸಯ್ಯನೂ ‘ಭಲೆ’ ಎಂದ. ಎರಡು ಜಡೆಯ ಒಂದು ಸಣ್ಣ ಹುಡುಗಿ ಮಾತ್ರ ಕೈ ಎತ್ತಿ ಕೇಳಿದಳು.

‘ಮುಂದ ಆ ಮಗಳು ಏನಾದ್ಲ್ರಿ?’

ರಾಯಪ್ಪ ಅದನ್ನು ಯೋಚಿಸಿರಲಿಲ್ಲ. ‘ಏನಾಗಬೇಕವಾ’ ಎಂದ. ‘ಹೊರಗs ಉಳದ್ಲು.’

ಆಗ ನಂದಾ ಕುಳಿತಳು.

ಮಧ್ಯಾಹ್ನ ಮಕ್ಕಳೆಲ್ಲ ರಾಯಪ್ಪನ ಮನೆಯ ಪಡಸಾಲೆಯಲ್ಲಿ ತಮ್ಮ ಬುತ್ತಿ ಬಿಚ್ಚಿದರು. ಶಟ್ಟೆವ್ವ ಕೊಡದ ತುಂಬ ಮಜ್ಜಿಗೆ ಮಾಡಿಟ್ಟಿದ್ದಳು, ಎಲ್ಲರಿಗೂ ಹಸಿಖಾರದ ಹಿಂಡಿ ಬಡಿಸಿದಳು. ಹುಡುಗರು ಒಬ್ಬೊಬ್ಬರಾಗಿ ಹೋಗಿ ಬಾಗಿಲನ್ನು ಸವರಿ, ಚಿಲಕವಿಲ್ಲದ್ದನ್ನು ಖಾತ್ರಿ ಮಾಡಿಕೊಂಡು ಬರುತ್ತಿದ್ದರು. ‘ಆಯಿ, ನಿಮ್ಮ ಹಿರ್ಯಾರು ಮಗಳು ಕರದ್ರೂ ಬಾಗಲಾ ತಗೀಲಿಲ್ಲಂತಲ್ರಿ! ಎಷ್ಟ ಧೈರ್ಯರೀ!’ ಎಂದು ಒಬ್ಬ ಹೇಳಿದ. ಶಟ್ಟೆವ್ವನ ಕೈಯಲ್ಲಿದ್ದ ಸೌಟು ಮಜ್ಜಿಗೆಯ ಮೇಲೆ ಹಾಗೆಯೇ ನಿಂತಿತು. ಪಡಸಾಲೆಯ ಮೂಲೆಯಲ್ಲಿ ನಂದಾ ರೊಟ್ಟಿ ಮುರಿದು ಮುರಿದು ಚೂರು ಮಾಡುತ್ತಿದ್ದಳು, ಒಂದು ತುತ್ತೂ ಬಾಯಿಗಿಟ್ಟಿರಲಿಲ್ಲ.

ಟೆಂಪೊಗಳು ಹೋದ ಮೇಲೆ ಶಟ್ಟೆವ್ವ ಗಂಡನ ಎದುರಿಗೆ ಬಂದು ನಿಂತಳು. ಮದುವೆಯಾದಂದಿನಿಂದ ಅವಳು ಗಂಡನಿಗೆ ‘ರೀ’ ಬಿಟ್ಟು ಮಾತಾಡಿದ್ದು ಬಹಳ ಕಡಿಮೆ. ಅವತ್ತು ಬಿಟ್ಟಳು.

‘ಆತ ಮಗಳ ಸಲುವಾಗಿ ಕ್ವಾಟಿ ಕಳಕೊಂಡ. ನೀ ಎರಡ ಚಪ್ಪಾಳಿ ಸಲುವಾಗಿ ಮಮ್ಮಗಳನ್ನ ಕಳಕೊಂಡಿ. ಇಷ್ಟ ದೊಡ್ಡ ಶೂರ ಇದ್ರ, ನಾಳೆ ಬಡಿಗ್ಯಾನ ಕರಸಿ ಚಿಲಕಾ ಹಾಕಸು. ನಮಗ್ಯಾಕ ಬೇಕ ಈ ತೆರದ ಬಾಗಲಾ?’

‘ಹುಡುಗೂರ ಮುಂದ ಏನೋ ಅಂದ್ನಿ, ಅದೇನ ಕೋರ್ಟನ್ಯಾಗ ಸಾಕ್ಷಿ ಹೇಳಿದ್ನೇನ?’ ಎಂದು ಗೊಣಗಿಕೊಂಡು ರಾಯಪ್ಪ ಎತ್ತುಗಳಿಗೆ ನೀರು ಕುಡಿಸಲು ಹೋದ.

ಒಂದೆರಡು ದಿನ ಅವನಿಗೆ ಹಿತವಾಗಿಯೇ ಇತ್ತೆಂಬುದನ್ನು ಮುಚ್ಚಿಡುವುದು ಬೇಡ. ಟೀಚರ್ ಹಿಡಿದ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹಾರಿ, ರಾಮದುರ್ಗದ ಬೀಗರ ತನಕ ಮುಟ್ಟಿತು. ಬಸಯ್ಯ ಕರೆದು ಚಹಾ ಕುಡಿಸಿದ. ಹಾದಿಯಲ್ಲಿ ಹೋಗುವವರು ‘ಏನ್ರಿ ಎದಿಗಾರ್ರ’ ಎಂದು ಮಾತಾಡಿಸಿದರು. ಆದರೆ ಮನೆಯಲ್ಲಿ ನಂದಾ ಮುತ್ಯಾನ ಹೊರಸಿನ ಹತ್ತಿರ ಸುಳಿಯುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಹೇಳಿದ ಕೆಲಸ ಮಾಡುತ್ತಿದ್ದಳು, ಬೀಗರ ಮನೆಗೆ ಬಂದ ಹುಡುಗಿಯ ಹಾಗೆ. ವರ್ಗದಲ್ಲಿ ಅವಳಿಗೆ ‘ಸುಳ್ಳಿ ನಂದಿ’ ಎಂದು ಹೆಸರಿಟ್ಟಿದ್ದಾರೆಂದು ಸೊಸೆ, ನಂದಾಳ ತಾಯಿ, ಊಟಕ್ಕೆ ಬಡಿಸುತ್ತ ಹೇಳಿದಾಗ ರಾಯಪ್ಪ ಅರ್ಧಕ್ಕೇ ಕೈ ತೊಳೆದು ಎದ್ದ.

ಮರುದಿನ ಹೊಲದ ಬದುವಿನ ಮೇಲೆ ಅವಳನ್ನು ಹಿಡಿದು ನಿಲ್ಲಿಸಿದ.

‘ಯವ್ವಾ, ನಿಮ್ಮಾಯಿ ಹೇಳಿದ್ದs ಖರೆ. ನಂದs ತಪ್ಪು.’

ನಂದಾ ನೆಲ ನೋಡುತ್ತ ನಿಂತಿದ್ದಳು. ‘ಹಂಗಾರ ಅದನ್ನ ಟೀಚರ್ ಮುಂದ ಹೇಳು. ಎಲ್ಲಾರ ಮುಂದ ಹೇಳು.’

‘ಹೇಳತೇನಿ.’

‘ಖರೇನs?’

‘ನಿನ್ನಾಣಿ’ ಎಂದ. ಈ ಸಲ ಪೂರ್ತಿ ಲಕ್ಷ್ಯವಿಟ್ಟು ಹೇಳಿದ. ಅವಳು ಮುಖವೆತ್ತಿ ಅವನನ್ನು ನೋಡಿದಳು. ಹಳೆಯ ನಂದಾ ಬಾಗಿಲ ಮರೆಯಿಂದ ಒಮ್ಮೆ ಇಣುಕಿದಂತಾಯಿತು.

ಹಾಗೆ ಹೋದವನು ಹೇಳಿಬಂದಿದ್ದರೆ ನನಗೂ ಈ ಕಥೆ ಹೇಳುವ ಕೆಲಸವಿರಲಿಲ್ಲ. ಕಟಕೋಳದ ಸಾಲಿಯ ಅಂಗಳಕ್ಕೆ ಕಾಲಿಡುವುದೇ ತಡ, ಹುಡುಗರು ‘ಅಗಸಿ ಅಜ್ಜಾರು ಬಂದ್ರು’ ಎಂದು ಸುತ್ತುವರಿದರು. ಮೀನಾ ಟೀಚರ್ ಕೈ ಮುಗಿದು ಒಳಗೆ ಕರೆದುಕೊಂಡು ಹೋದರು. ಹೆಡ್ಮಾಸ್ತರು ಕುರ್ಚಿ ಬಿಟ್ಟು ಎದ್ದರು, ಎಲ್ಲಿಂದಲೋ ಒಂದು ಶಾಲು ತರಿಸಿ ಹೊದಿಸಿಯೇಬಿಟ್ಟರು. ‘ಚೊಲೋ ಆತು ನೀವs ಬಂದ್ರಿ. ನಿಮ್ಮ ಕತಿನs ಈ ಸಲ ಸಾಲಿ ವಾರ್ಷಿಕ ಗ್ಯಾದರಿಂಗಿಗೆ ನಾಟಕಾ ಮಾಡಾಕತ್ತೇವಿ. ನೀವs ಮುಖ್ಯ ಅತಿಥಿ’ ಎಂದರು.

‘ಟೀಚರ್, ಅದು... ಅವತ್ತ ನಾ ಹೇಳಿದ್ದು...’ ಎಂದು ರಾಯಪ್ಪ ಶುರುಮಾಡಿದ.

‘ನೀವು ಹೇಳಿದ್ದರಾಗ ಒಂದ ಅಕ್ಷರಾನೂ ಬದಲ ಮಾಡಿಲ್ರಿ ಅಜ್ಜಾರ’ ಎಂದರು ಟೀಚರ್. ‘ನಿಮ್ಮ ನಂದಾನs ಮಗಳ ಪಾತ್ರ ಮಾಡತಾಳ. ಪಾಪ, ಅವತ್ತ ಹುಡುಗಿ ತಪ್ಪ ಹೇಳಿ ಎಲ್ಲಾರೂ ನಕ್ಕರಲ್ಲ, ಈ ಪಾರ್ಟು ಮಾಡಿದ್ರ ಆಕಿ ಮನಸ್ಸಿಗೂ ಸಮಾಧಾನ ಆಗತೈತಿ ಅಂತ ನಾನs ಕೊಟ್ಟೇನಿ.’

ಒಳ್ಳೆಯ ಮನಸ್ಸಿನ ಹೆಣ್ಣುಮಗಳು. ಆಕೆಯ ಮೇಲೆ ತಪ್ಪು ಹೊರಿಸಲಾಗದು. ಶಾಲು ಹೊದ್ದವನ ಬಾಯಿಂದ ‘ನಾನು ಸುಳ್ಳ’ ಎಂಬ ಮಾತು ಹೊರಬೀಳುವುದು ಕಷ್ಟ. ಗ್ಯಾದರಿಂಗ್ ಮುಗಿಯಲಿ, ಆಮೇಲೆ ಟೀಚರೊಬ್ಬರನ್ನೇ ಕರೆದು ಹೇಳಿದರಾಯಿತು ಎಂದುಕೊಂಡ ರಾಯಪ್ಪ. ಸಂಜೆ ನಂದಾ ಶಾಲು ನೋಡಿದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಗ್ಯಾದರಿಂಗಿನ ದಿನ ಸಾಲಿಯ ಅಂಗಳದಲ್ಲಿ ನಾಟಕದ ಮಂಟಪ ಹಾಕಿದ್ದರು. ರಾಯಪ್ಪ ಮುಂದಿನ ಸಾಲಿನಲ್ಲಿ, ಅದೇ ಪಟಕಾ, ಅದೇ ಶಾಲು. ಪಕ್ಕದಲ್ಲಿ ಬಸಯ್ಯ, ತನ್ನ ಮೋಟರಸೈಕಲ್ಲಿನ ಮೇಲೆ ರಾಯಪ್ಪನನ್ನು ಕೂಡಿಸಿಕೊಂಡು ಬಂದಿದ್ದ. ಹಿಂದೆ ಮಗ ಬಾಳೇಶ, ಸೊಸೆ. ಶಟ್ಟೆವ್ವ ಬರಲಿಲ್ಲ. ‘ಮಗಳನ್ನ ಹೊರಗ ನಿಂದರಸೂದು ನೋಡಾಕ ನಾ ಬರಾಂಗಿಲ್ಲ’ ಎಂದಿದ್ದಳು.

ರಟ್ಟಿನ ಅಗಸಿ, ರಟ್ಟಿನ ಕದ. ಕದದ ಈಚೆಗೆ ಹತ್ತಿಯ ಮೀಸೆ ಅಂಟಿಸಿಕೊಂಡ ಹುಡುಗ ಭರ್ಚಿ ಹಿಡಿದು ನಿಂತಿದ್ದ. ಆಚೆಗೆ ನಂದಾ ಬಂದಳು. ತಾಯಿಯ ಇಳಕಲ್ ಸೀರೆಯನ್ನು ಚಿಕ್ಕದು ಮಾಡಿ ಉಟ್ಟಿದ್ದಳು, ಕಂಕುಳಲ್ಲಿ ಬುತ್ತಿಯ ಗಂಟು.

‘ಅಪ್ಪಾ, ನಾ ಬಂದೇನಿ. ಬಾಗಲಾ ತಗಿ.’

‘ತೆರೆಯಲಾರೆ ಮಗಳೇ! ನನಗೆ ನಿನಗಿಂತ ಕೋಟೆಯೇ ದೊಡ್ಡದು!’

‘ಅಪ್ಪಾ, ಕತ್ತಲಾತು. ಬಾಗಲಾ ತಗಿ.’

ಅವಳು ಅಳುವಂತೆ ನಟಿಸುತ್ತಿರಲಿಲ್ಲ. ಯಾರೋ ಒಳಗಿದ್ದಾರೆ, ಅವರಿಗೆ ಕೇಳಿಸಿದೆ, ಕೇಳಿಸಿಯೂ ಸುಮ್ಮನಿದ್ದಾರೆ ಎಂದು ಗೊತ್ತಿರುವವರ ಧ್ವನಿಯಲ್ಲಿ ಮೆಲ್ಲಗೆ ಕರೆಯುತ್ತಿದ್ದಳು. ಮೂರನೆಯ ಸಲ ಕರೆದಾಗ ರಾಯಪ್ಪನಿಗೆ ತಡೆಯಲಾಗಲಿಲ್ಲ. ಕುರ್ಚಿ ಹಿಂದಕ್ಕೆ ಬಿತ್ತು.

‘ತಗೀಪಾ, ತಗಿ! ಆತ ತಗದಿದ್ದ! ಬಾಗಲಾ ತಗದಿದ್ದ ಆತ! ನಾ ಸುಳ್ಳ ಹೇಳೇನಿ!’

ಮಂಟಪದ ಮೇಲಿನ ಹುಡುಗ ಗಾಬರಿಯಾಗಿ ಮೀಸೆ ಹಿಡಿದುಕೊಂಡ. ಮಂದಿ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಯಾರೋ ‘ಪಾಪ, ಅಜ್ಜಾಗ ತಡಕೊಳ್ಳಾಕ ಆಗಲಿಲ್ಲ’ ಎಂದರು, ಯಾರೋ ಚಪ್ಪಾಳೆ ಹೊಡೆದರು, ನೋಡುನೋಡುತ್ತ ಇಡೀ ಅಂಗಳವೇ ಹೊಡೆಯಿತು. ಬಸಯ್ಯ ಅವನ ರಟ್ಟೆ ಹಿಡಿದು ಕೂಡ್ರಿಸಿದ. ‘ಏ ಹುಚ್ಚಪ್ಪಾ, ನಾಟಕಾ ಅದು. ಕುಂದರ’ ಎಂದ. ಬಸಯ್ಯನ ಕಣ್ಣಲ್ಲೂ ನೀರಿತ್ತು. ಮೀನಾ ಟೀಚರ್ ಮೈಕು ಹಿಡಿದು, ‘ಅಜ್ಜಾರ ಕಣ್ಣೀರs ನಮ್ಮ ಮಕ್ಕಳಿಗೆ ದೊಡ್ಡ ಬಹುಮಾನ’ ಎಂದರು. ಊರ ಮುಂದೆ ಅವನು ಹೇಳಿದ ಒಂದೇ ಒಂದು ಖರೆ ಮಾತು ಹಾಗೆ ಚಪ್ಪಾಳೆಯಲ್ಲಿ ಕೊಚ್ಚಿಹೋಯಿತು.

ನಾಟಕ ಮುಂದುವರಿಯಿತು. ಕದ ತೆರೆಯಲಿಲ್ಲ. ನಂದಾ ಹೊರಗೇ ಉಳಿದಳು. ಪರದೆ ಬೀಳುವ ತನಕ ಅವಳು ಒಮ್ಮೆಯೂ ಮುಂದಿನ ಸಾಲಿನ ಕಡೆ ನೋಡಲಿಲ್ಲ.

ಬಸಯ್ಯನ ಮೋಟರಸೈಕಲ್ಲಿನ ಮೇಲೆ ರಾಯಪ್ಪ ಎಲ್ಲರಿಗಿಂತ ಮೊದಲು ಮನೆ ಮುಟ್ಟಿದ. ಶಾಲು ತೆಗೆದು ಗೂಟಕ್ಕೆ ಹಾಕಿ, ಪಡಸಾಲೆಯಲ್ಲಿ ಹೊರಸಿನ ಮೇಲೆ ಕುಳಿತ. ಒಳಗೆ ಶಟ್ಟೆವ್ವ ರೊಟ್ಟಿ ಬಡಿಯುತ್ತಿದ್ದ ಸಪ್ಪಳ. ಇನ್ನೂ ಹೊತ್ತು ಮುಳುಗಿರಲಿಲ್ಲ. ಹೊರಗೆ ಟೆಂಪೊ ನಿಂತ ಸದ್ದು, ಬಾಳೇಶ ಯಾರೊಡನೆಯೋ ಮಾತಾಡುತ್ತಿದ್ದದ್ದು ಕೇಳಿಸಿತು. ಆಮೇಲೆ ಅವನು ಹುಟ್ಟಿದಂದಿನಿಂದ ಆ ಮನೆಯಲ್ಲಿ ಕೇಳದ ಒಂದು ಸದ್ದು ಕೇಳಿಸಿತು.

ಯಾರೋ ಬಾಗಿಲು ಬಡಿಯುತ್ತಿದ್ದರು.

ಆ ಬಾಗಿಲನ್ನು ಯಾರೂ ಯಾವತ್ತೂ ಬಡಿದದ್ದಿಲ್ಲ. ಭಿಕ್ಷೆಯವರು ಕೂಡ ನೂಕಿಕೊಂಡು ಬಂದು ಪಡಸಾಲೆಯಲ್ಲೇ ನಿಲ್ಲುತ್ತಿದ್ದರು. ಶಟ್ಟೆವ್ವನ ರೊಟ್ಟಿಯ ಸಪ್ಪಳ ನಿಂತಿತು.

‘ಯಾರದು?’ ಎಂದ ರಾಯಪ್ಪ.

‘ನಾನು.’

‘ಬಾರವಾ ಒಳಗ. ಬಾಗಲಾ ತೆರದs ಐತಿ.’

ಬಾಗಿಲು ಅಲ್ಲಾಡಲಿಲ್ಲ. ಬೆರಳ ತುದಿ ತಾಗಿಸಿದರೆ ತೆರೆಯುವ ಬಾಗಿಲು.

‘ನೀ ತಗದ್ರ ಬರತೇನಿ, ಮುತ್ಯಾ.’

ರಾಯಪ್ಪ ಎದ್ದ. ಕಂಬ ಹಿಡಿದು, ಗೋಡೆ ಹಿಡಿದು ಹೋದ. ಬಾಗಿಲು ಒಳಗೆಳೆದ. ನಂದಾ ಹೊಸ್ತಿಲಾಚೆ ನಿಂತಿದ್ದಳು, ತಾಯಿಯ ಸೀರೆಯಲ್ಲಿ, ಕೆನ್ನೆಯ ಮೇಲೆ ನಾಟಕದ ಬಣ್ಣ, ಕಂಕುಳಲ್ಲಿ ಇನ್ನೂ ಆ ಬುತ್ತಿಯ ಗಂಟು. ಅವನು ಎರಡೂ ಕೈ ಚಾಚಿದ. ‘ತಗದೇನಿ ನೋಡವಾ, ಬಾ’ ಎಂದ. ಅವಳು ಅವನ ಕೈ ತಪ್ಪಿಸಲೂ ಇಲ್ಲ, ಹಿಡಿಯಲೂ ಇಲ್ಲ. ಬಾಗಿಲು ತೆಗೆದವರಿಗೆ ದಾರಿಹೋಕರು ತಲೆಬಾಗಿಸುವ ಹಾಗೆ ಸ್ವಲ್ಪ ತಲೆ ಬಾಗಿಸಿ, ಪಕ್ಕದಲ್ಲಿ ಹಾದು ಆಯಿಯ ಹತ್ತಿರ ಅಡಿಗೆಮನೆಗೆ ಹೋದಳು.

ಅವತ್ತಿನಿಂದ ನಂದಾ ಬಡಿಯದೆ ಆ ಮನೆಯೊಳಗೆ ಬಂದದ್ದಿಲ್ಲ. ಸಾಲಿಯಿಂದ ಬಂದರೂ ಬಡಿಯುತ್ತಾಳೆ, ಬೀದಿಯ ನಳದಿಂದ ನೀರು ತಂದರೂ ಕೊಡ ಇಳಿಸಿ ಬಡಿಯುತ್ತಾಳೆ. ಬೇರೆ ಯಾರು ತೆಗೆಯಹೋದರೂ ರಾಯಪ್ಪ ಬಿಡುವುದಿಲ್ಲ. ಮಲಗಿದ್ದರೆ ಎದ್ದು ಹೋಗುತ್ತಾನೆ, ಉಣ್ಣುತ್ತಿದ್ದರೆ ಎಂಜಲುಗೈಯಲ್ಲೇ ಹೋಗಿ ಬಾಗಿಲು ತೆಗೆಯುತ್ತಾನೆ.